ಬಸ್ಸು ಬಿಟ್ಟುಹೋದ ಮೇಲೆ

ಏಪ್ರಿಲ್ 6, ಶನಿವಾರ

ಮತ್ತೆ ಡರ್ಹಮ್. ಕತೀಡ್ರಲ್ ಎದುರು ನದಿ ದಂಡೆಯಲ್ಲಿ ಟ್ರೈಪಾಡ್ ಊರಿ ನಿಂತೆ. ಬೆಳಕು ಚೆನ್ನಾಗಿತ್ತು. ಚೌಕಟ್ಟಿನಿಂದ ಜನ ಸರಿಯಲೇ ಇಲ್ಲ — ಐಸ್‌ಕ್ರೀಮ್ ತಿನ್ನುತ್ತಾ ಒಂದು ಜೋಡಿ ಸೇತುವೆಯ ಮೇಲೇ ನಿಂತುಬಿಟ್ಟಿತು. ಕಾದೆ. ಅವರು ಹೋದರು, ಬೆಳಕೂ ಹೋಯಿತು. ಆದರೂ ತೆಗೆದೆ.

ವಾಪಸ್ ಬರುವಾಗ ಟೂರ್ ಬಸ್ಸಿನಲ್ಲಿ, ಪಕ್ಕದ ಸೀಟಿನ ಮೇಲೆ ಕ್ಯಾಮೆರಾ ಬ್ಯಾಗ್. ಹೆಂಡತಿ ಆಡ್ರಿ ಬದುಕಿದ್ದಾಗ ಅದು ನನ್ನ ಕಾಲ ಬಳಿ ಇರುತ್ತಿತ್ತು.

ಏಪ್ರಿಲ್ 18, ಗುರುವಾರ

ಕ್ಯಾಮೆರಾ ಕ್ಲಬ್. ಡರ್ಹಮ್ ಚಿತ್ರ ಪರದೆಯ ಮೇಲೆ ಬಂತು. ಕಾರ್ಯದರ್ಶಿ ಮ್ಯೂರಿಯಲ್ ಕನ್ನಡಕ ಏರಿಸಿ ನೋಡಿದಳು. "ತುಂಬ ಚೆನ್ನಾಗಿದೆ ಕಣ್ರೀ. ಆದ್ರೆ ಊರಿಗೆ ಊರೇ ಸತ್ತ್‌ಮೇಲೆ ತೆಗ್ದಂಗಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಹಳೆಯವನ್ನೆಲ್ಲ ತಿರುವಿ ನೋಡಿದೆ. ವಿಟ್ಬಿ, ಯಾರ್ಕ್, ಸ್ಕಾರ್ಬರೋ... ಹೌದು. ಒಂದು ನರಪಿಳ್ಳೆಯೂ ಇಲ್ಲ. ಆಡ್ರಿಗೂ ಕ್ಯಾಮೆರಾ ಕಂಡರೆ ನಾಚಿಕೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಅವಳದು ಒಂದೇ ಚಿತ್ರ — ಮುಖಕ್ಕೆ ಅಡ್ಡ ಹಿಡಿದ ಅಂಗೈ.

ಮೇ 11, ಶನಿವಾರ, ಸಂಜೆ

ಹೋಲಿ ಐಲ್ಯಾಂಡ್. ಬರೆಯುತ್ತಿರುವುದು ಪರಿಚಯವೇ ಇಲ್ಲದವರ ಮನೆಯಲ್ಲಿ.

ಕೋಟೆಯ ಹತ್ತಿರ ಹಳೇ ದೋಣಿಗಳನ್ನು ಬೋರಲು ಹಾಕಿ ಮಾಡಿದ ಗೂಡುಗಳ ಹಿಂದೆ ಬೆಳಕಿಗಾಗಿ ಕೂತೆ. ಹೊತ್ತು ಹೋದದ್ದು ತಿಳಿಯಲಿಲ್ಲ. ಓಡಿ ಬಂದರೆ ಬಸ್ಸು ನಿಂತಿದ್ದ ಜಾಗ ಖಾಲಿ. ದ್ವೀಪದಿಂದ ಆಚೆ ದಡಕ್ಕೆ ಹೋಗುವ ರಸ್ತೆ ಉಬ್ಬರ ಬಂದರೆ ಮುಳುಗುತ್ತದೆ; ಅದರ ಮೇಲೆ ಆಗಲೇ ಸಮುದ್ರ.

ಡ್ರೈವರ್ ಡೂಗಿಗೆ ಫೋನ್ ಮಾಡಿದೆ. "ಏನ್ ತಮಾಷೆ ಮಾಡ್ತೀರಾ? ಹಿಂದ್ಗಡೆ ಸೀಟಲ್ಲಿ ನೀವು..." ಆಮೇಲೆ, "ಅಯ್ಯೋ ದೇವ್ರೇ. ಎಲ್ರೂ ಬಂದ್ರಾ ಅಂತ ಕೂಗಿ ಕೇಳ್ದೆ ಸಾರ್. ಬಂದ್ವಿ ಅಂದ್ರು."

ಅವನನ್ನು ಬೈದು ಏನು? ನಾನಿಲ್ಲ ಎಂದು ಹೇಳುವವರು ಯಾರಿದ್ದರು? ಅಷ್ಟರಲ್ಲಿ ಮೊಬೈಲೂ ಸತ್ತಿತು.

ಏಡಿ ಸ್ಯಾಂಡ್‌ವಿಚ್ ಮಾರುವ ಹೆಸ್ಟರ್ ರೆನ್ವಿಕ್ ಅಂಗಡಿ ಮುಚ್ಚುತ್ತಿದ್ದಳು. ನನ್ನ ವಯಸ್ಸೇ ಇರಬೇಕು. "ಬಿಟ್ಟೋದ್ರಾ? ವರ್ಷಕ್ಕೊಬ್ರು ಸಿಗ್ತೀರಪ್ಪ ನಿಮ್ಮಂಥೋರು! ನೀರಿಳಿಯೋ ಹೊತ್ಗೆ ಬಸ್ಸೆಲ್ಲ ಮುಗ್ದಿರತ್ತೆ. ಮಗನ ರೂಮು ಖಾಲಿ ಇದೆ, ಇರಿ. ಮೊದ್ಲು ಮನೆಗೆ ಫೋನ್ ಮಾಡಿ, ಕಾಯ್ತಿರ್ತಾರೆ."

ಅಡುಗೆಮನೆಯ ಫೋನ್ ಕೈಗಿಟ್ಟಳು. ಯಾರೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ನನ್ನದೇ ಮನೆಯ ನಂಬರ್ ಒತ್ತಿದೆ. ಗೇಟ್ಸ್‌ಹೆಡ್ಡಿನ ಖಾಲಿ ಮನೆಯಲ್ಲಿ ಅದು ಬಡಿದುಕೊಳ್ಳುತ್ತಿತ್ತು. "ನಾಳೆ ಬರ್ತೀನಿ. ನೀನು ಊಟ ಮಾಡಿ ಮಲ್ಕೋ," ಅಂದೆ. ಇಟ್ಟೆ.

ಹೆಸ್ಟರ್ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಆ ಫೋನು ಭಾರಿ ಜೋರು. ಹೊಡ್ಕೊಳ್ತಾನೇ ಇದ್ದಿದ್ದು ಇಲ್ಲಿಗೂ ಕೇಳಿಸ್ತು." ಇನ್ನೊಂದು ಆಲೂಗಡ್ಡೆ ತೆಗೆದುಕೊಂಡಳು. "ನಾನೂ ಅಷ್ಟೇ, ರೇಡಿಯೋ ಜೊತೆ ಜಗಳ ಆಡ್ತೀನಿ. ಮೀನು ತಿಂತೀಯಾ?"

ಮೇ 12

ನೀರು ಇಳಿದ ಮೇಲೆ ಹೆಸ್ಟರ್ ತನ್ನ ವ್ಯಾನಿನಲ್ಲಿ ಮುಖ್ಯರಸ್ತೆಯ ತನಕ ಬಿಟ್ಟಳು. ಇಳಿದು, "ನನ್ದೊಂದು ತೆಗಿ," ಅಂದಳು. ಕ್ಯಾಮೆರಾ ಎತ್ತಿದೆ.

"ಎಲ್ಲಿ ನಿಂತ್ಕೊಳ್ಲಿ?"

"ಅಲ್ಲೇ ಇರಿ."

ಗಾಳಿಗೆ ಕೂದಲು ಬಾಯಿಗೆ ಬಂತು, ನಕ್ಕಳು, ಕಣ್ಣು ಮುಚ್ಚಿತು. ಆಗಲೇ ಒತ್ತಿದೆ.

ಜೂನ್ 3

ಚಿತ್ರ ಪ್ರಿಂಟ್ ಹಾಕಿಸಿ ಎಷ್ಟೋ ದಿನವಾಯಿತು. ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಅಂಚೆಗೆ ಹಾಕಲಿಲ್ಲ. ಹಾಕಿದರೆ ಮುಗಿದೇ ಹೋಯಿತು... ಮತ್ತೆ ಅಲ್ಲಿಗೆ ಹೋಗಲು ನೆಪವೂ ಇರುವುದಿಲ್ಲ.

ಜೂನ್ 8, ಶನಿವಾರ

ಹೋಲಿ ಐಲ್ಯಾಂಡ್. ಟೂರ್ ಜೊತೆ ಅಲ್ಲ, ಸಾದಾ ಬಸ್ಸಿನಲ್ಲಿ. ಅಂಗಡಿಯ ಮುಂದೆ ಗದ್ದಲ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. "ಏಡಿನಾ, ಸಾಲ್ಮನ್ ಮೀನಾ?" — ಮುಖ ಎತ್ತಿ ನೋಡಿದಳು. ಗುರುತು ಹತ್ತಲಿಲ್ಲ. ಏನೋ ಒಂದು ತೆಗೆದುಕೊಂಡು ಹೊರಟುಬಿಡೋಣ ಅನ್ನಿಸಿತು. ಚಿತ್ರವನ್ನು ಕೌಂಟರಿನ ಮೇಲಿಟ್ಟೆ.

ನೋಡಿದಳು. ನೋಡುತ್ತಲೇ ಇದ್ದಳು. "ಕಣ್ಣು ಮುಚ್ಚಿದೀನಲ್ಲೋ! ಹೀಗಾ ತೆಗ್ಯೋದು?" ಸಾಲಿನವರೆಲ್ಲ ನಕ್ಕರು. ಆಮೇಲೆ ದನಿ ತಗ್ಗಿಸಿ, "ಮನೆ ಸೇರ್ದೆ ಅಂತ ಒಂದು ಫೋನು ಮಾಡೋಕೆ ಆಗ್ಲಿಲ್ವಾ ನಿಂಗೆ?"

ನನ್ನ ಸುದ್ದಿಗಾಗಿ ಯಾರಾದರೂ ಕಾದಿರಬಹುದು ಎಂದು ಹೊಳೆದೇ ಇರಲಿಲ್ಲ.

ಹಿತ್ತಲ ಬಾಗಿಲ ಬಳಿ ಸ್ಟೂಲ್ ಹಾಕಿಕೊಟ್ಟಿದ್ದಾಳೆ, ಅಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನು ಸ್ವಲ್ಪ ಹೊತ್ತಿಗೆ ರಸ್ತೆ ಮುಳುಗುತ್ತದೆ. ಕೊನೆಯ ಬಸ್ಸಿನ ಎಂಜಿನ್ ಶುರುವಾದದ್ದು ಕೇಳುತ್ತಿದೆ. ಒಳಗಿಂದ ಕೂಗುತ್ತಿದ್ದಾಳೆ, ಬ್ರೆಡ್ ಕೊಯ್ಯಲು ಬರಬೇಕಂತೆ. "ಐವರ್!" ಅಂತ. ಅಡುಗೆಮನೆಯೊಳಗಿಂದ ನನ್ನ ಹೆಸರು ಹಿಡಿದು ಯಾರಾದರೂ ಕರೆದು ಎಷ್ಟು ವರ್ಷ—