ಇರುವೆಗೂಡಿನ ಹುಳಿ

ಅಪ್ಪ,

ಆತಂಕಕ್ಕೆ ರಾತ್ರಿಯಿಡೀ ನಿದ್ದೆಯಿಲ್ಲ; ಇವತ್ತು ನಿನ್ನ ಮೊಮ್ಮಗಳು ಟೂವಾಳಿಗೆ ಉಪ್ಸಾಲಾದ ಕಾಡಿನ ಶಾಲೆಯಲ್ಲಿ ಮೊದಲ ದಿನ. ಹೋಗಿ ನೋಡಿದರೆ, ಮಕ್ಕಳು ಇರುವೆಗೂಡಿನ ಮೇಲೆ ಕಡ್ಡಿ ಹಿಡಿದು, ಇರುವೆ ಚಿಮ್ಮಿಸಿದ ಹುಳಿ ನೆಕ್ಕುತ್ತಿದ್ದಾರೆ! ಓಡಿಹೋಗಿ ಮಗಳ ಕೈ ಹಿಡಿದೆ.

"ಅಮ್ಮಾ, ಗೂಡು ತುಳೀತಿದೀಯ!"

ಟೀಚರ್ ಬೋದಿಲ್ ನಕ್ಕರು. "ನಿಮ್ಮಪ್ಪನ ಪಾಠಾನೇ ಇದು. ರುಚಿ ನೋಡಿದ ಮಗು ಗೂಡು ಒದೆಯಲ್ಲ ಅಂತ ತೋರಿಸೋಕೆ ಹನ್ನೆರಡು ವರ್ಷ ಕಾಡು ಅಲೆದ್ರು."

ಆ ಹನ್ನೆರಡು ವರ್ಷವೂ ನೀನು ನನಗೆ ಕಡ್ಡಿ ಚಾಚುತ್ತಿದ್ದೆ. "ಇದೂ ಒಂದು ಸಂಶೋಧನೆನಾ?" ಎಂದು ನಾನು ಮುಖ ತಿರುಗಿಸುತ್ತಿದ್ದೆ.

"ಹೆದರ್ಕೋಬೇಡ, ನಾನಿದೀನಿ" ಎಂದು ಟೂವಾ ತನ್ನ ಕಡ್ಡಿ ಚಾಚಿದಳು. ನೆಕ್ಕಿದೆ. ನಿಂಬೆಗಿಂತ ಹುಳಿ, ಅಪ್ಪ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಇನ್ನೊಂದು ಕೊಡೇ ಅಂದೆ.

"ಒಬ್ಬರಿಗೆ ಒಂದೇ. ಇರುವೆಗಳಿಗೂ ಸುಸ್ತಾಗುತ್ತಮ್ಮಾ."