ರೈಲುಹಳಿಯ ಪಕ್ಕದ ನಿದ್ದೆ

ಜೈಭೀಮ್ ಅವ್ವಾ,

ನಮ್ಮ ಔರಾದಕ್ಕೆ ರೈಲೇ ಇಲ್ಲ. ಭಾಲ್ಕಿಯಲ್ಲಿ ನನ್ನ ಬಾಡಿಗೆ ಕೋಣೆಯ ಕಿಟಕಿಯ ಹಿಂದೆಯೇ ಹಳಿ. ಎಲೆ ಬಿದ್ದರೂ ಏಳುವ ನಾನು ಮೊದಲ ವಾರ ಕಣ್ಣು ಮುಚ್ಚಲಿಲ್ಲ. ಸಾಲಿಯಲ್ಲಿ ಪಾಠ ಮುಗಿಸಿ ಬಂದು ಸಂಜೆಯೇ ಮಲಗಿ ರಾತ್ರಿಯ ನಿದ್ದೆ ಇನ್ನಷ್ಟು ಕೆಡಿಸಿಕೊಂಡೆ. ಕಡೆಗೆ ನೀನು ಬೈದು ಕಲಿಸಿದ್ದನ್ನೇ ಹಿಡಿದೆ: ನಾಲ್ಕರ ಮೇಲೆ ಚಹಾ ಇಲ್ಲ, ಮಲಗುವ ಮುಂಚೆ ಕಾಲಿಗೆ ಬಿಸಿನೀರು, ನಿದ್ದೆ ಬರಲಿ ಬಿಡಲಿ ಐದಕ್ಕೆ ಏಳುವುದು. ತಲೆನೋವು ಹೋಯಿತು, ಗುಳಿಗೆ ಕಳಿಸಬೇಡ.

ಇವತ್ತು ಬೆಳಿಗ್ಗೆ ಮನೆ ಮಾಲಕಿ ರಹೀಮುನ್ನಿಸಾ ಕಣ್ಣುಜ್ಜುತ್ತ ಬಂದು, "ಹುಟ್ಟಿದಾಗಿಂದ ಇಲ್ಲೇ ಅದೀನಿ, ನನಗೇ ನಿದ್ದಿ ಹತ್ತಲಿಲ್ರಿ. ಗೂಡ್ಸ್ ಗಾಡಿ ಏನ್ ಸೀಟಿ ಹೊಡೀತು! ನೀವು ಹ್ಯಾಂಗ ತಡಕೊಂಡ್ರಿ?" ಎಂದರು.

"ಯಾವ ಗಾಡಿರಿ?" ಎಂದೆ.

'ಹದಿನೈದು ದಿನಕ್ಕ ನೌಕರಿ ಬಿಟ್ಟು ಬರ್ತಾಳ' ಎಂದಿದ್ದ ಅಣ್ಣನ ಕೈಲಿ ಇದನ್ನು ಎರಡು ಸಲ ಓದಿಸು. ಸಾಲಿ ಗಂಟೆ ಹೊಡೆಯಿತು.

ನಿನ್ನ ಕರುಣಾ