ತಟ್ಟೆಯಲ್ಲಿ ಬಿಟ್ಟ ಪ್ರಸಾದ

ಯಳಂದೂರು, ೧೫-೬-೧೯೭೫

ಅವ್ವ,

ತೂಕ ಇಳಿಸಲೆಂದು ಮದರಾಸಿನ ಡಾಕ್ಟರು ನನ್ನ ಕರುಳಿನ ದಾರಿಯನ್ನು ಗಿಡ್ಡ ಮಾಡಿ ಮೂರು ತಿಂಗಳಾಯಿತು. ಬೇಡವೆನ್ನಲು ನೀನಿರಲಿಲ್ಲ; ಸಹಿ ನಾನೇ ಹಾಕಿದೆ. ಇಪ್ಪತ್ತೆರಡು ಕಿಲೋ ಇಳಿದಿದ್ದೇನೆ. ಆನೆ ಎನ್ನುತ್ತಿದ್ದ ನಿನ್ನ ನೆಂಟರು ಈಗ ಕ್ಷಯ ಎನ್ನುತ್ತಾರೆ. ಅವರಿಗೆ ಬೇರೆ ಕೆಲಸವಿಲ್ಲ.

ಇಂದು ಹೊನ್ನೂರಿನಲ್ಲಿ ನಿನ್ನ ವರ್ಷದ ಎಡೆ. ಹೆಚ್ಚು ತಿಂದರೆ ಭೇದಿ ಹಿಡಿಯುತ್ತದೆ ಎಂದರೂ ಚಿಕ್ಕಮ್ಮ ಗುರುಬಸಮ್ಮ ಮತ್ತೆ ಅನ್ನ ಸುರಿದಳು. ಬಿಟ್ಟು ಎದ್ದೆ.

"ಪ್ರಸಾದ ಬುಟ್ಟೇಳ್ತಿಯಲ್ಲೇ! ನಿಮ್ಮವ್ವ ಇದ್ದಿದ್ರೆ ಬುಡ್ತಿದ್ಲಾ?"

"ಬುಡ್ತಿರ್ನಿಲ್ಲ. ಅದ್ಕೇ ನೂರತ್ತು ಕೆಜಿ ಆಗಿದ್ದೆ."

ಪ್ರಸಾದದ ಒಂದಗುಳೂ ತಟ್ಟೆಯಲ್ಲಿ ಉಳಿಯಬಾರದೆಂದು ಊಟದ ಸಾಲಿಗೆ ಸಾಲೇ ಛೀಮಾರಿ ಹಾಕಿತು. ಆದರೆ ಆ ಶರಣರಲ್ಲಿ ಒಬ್ಬರೂ ನನ್ನ ತಟ್ಟೆಗೆ ಕೈ ಹಾಕಲಿಲ್ಲ. ನನಗೆ ಜ್ವರ ಬಂದಾಗಲೆಲ್ಲ, ನಾನು ಬಿಟ್ಟದ್ದನ್ನು ನೀನೇ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದೆ.